ಮೂವತ್ತೊಂದು ಮನೆಗಳ ಬಾಗಿಲು ತಟ್ಟಿದ ನೀರುಗಂಟಿ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಗುಬ್ಬಿಯ ಅಂಚಿನಲ್ಲಿರುವ ಕೋಡಿಬೀದಿಯಲ್ಲಿ ಇನ್ನೂ ನಾಯಿಗಳೇ ಮಗ್ಗುಲು ಬದಲಿಸಿಲ್ಲ. ಆಳೆತ್ತರದ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು, ಕಿವಿಗೆ ಮಫ್ಲರ್ ಸುತ್ತಿಕೊಂಡು ಸುವಾರ್ತಪ್ಪ ಬರುತ್ತಿದ್ದಾರೆ. ವಾಲ್ವ್ ತಿರುಗಿಸಿ ನೀರು ಬಿಡಬೇಕಾದವರು ವಾಲ್ವಿನ ಗುಂಡಿಯನ್ನು ದಾಟಿ ಮುಂದೆ ಹೋಗಿ, ನೀಲಿ ಬಾಗಿಲಿನ ಮನೆಯೊಂದರ ಮುಂದೆ ನಿಂತು ಚಿಲಕ ಬಡಿಯುತ್ತಾರೆ. ಕದರಮ್ಮ ಎಂಬ ಮಧ್ಯವಯಸ್ಸಿನ ಹೆಂಗಸು ಸೆರಗು ಸರಿಮಾಡಿಕೊಳ್ಳುತ್ತಾ ಬಾಗಿಲು ತೆರೆಯುತ್ತಾರೆ.

"ಮೊನ್ನೆ ನೀರ್ ಹೆಂಗ್ ಬಂತಮ್ಮಾ? ಏನಾರ ತೊಂದ್ರೆ ಇತ್ತಾ?"

"ನಮ್ ನಿದ್ದೆ ಕೆಡಿಸೋಕೇ ಹುಟ್ಟಿದೀರೇನಪ್ಪಾ ನೀವು? ನೀರ್ ಬಂತು, ಬುಡಿ ಅತ್ಲಾಗೆ."

ಸುವಾರ್ತಪ್ಪ ಹೋಗುವುದಿಲ್ಲ. ಸಣ್ಣಗೆ ಬಂತೋ ಜೋರಾಗಿ ಬಂತೋ, ಮನೆಯೊಳಗೆ ಎಲ್ಲಾದರೂ ನೆಲ ತೇವ ಇದೆಯೋ ಎಂದು ಇನ್ನೆರಡು ಪ್ರಶ್ನೆ ಕೇಳಿ, ಉತ್ತರ ಪೂರ್ತಿ ಮುಗಿಯುವವರೆಗೆ ನಿಲ್ಲುತ್ತಾರೆ. ಆಮೇಲೆಯೇ ಕೀಲಿ ಗುಂಡಿಗೆ ಇಳಿಯುತ್ತದೆ. ದಿನಕ್ಕೆ ನಾಲ್ಕು ಮನೆಗಳ ಬಾಗಿಲಾದರೂ ಹೀಗೆ ಬಡಿಯಲೇಬೇಕು ಎಂದು ಅವರು ನೇಮ ಮಾಡಿಕೊಂಡಿದ್ದಾರೆ. ಇದಕ್ಕೆ ಯಾರೂ ಅವರಿಗೆ ಸಂಬಳ ಕೊಡುವುದಿಲ್ಲ. ನೀರು ಬಿಡುವವನಿಗೆ ತಲೆಗೇನೋ ಆಗಿದೆ ಎಂದು ಬೀದಿಯವರು ಆಡಿಕೊಳ್ಳುತ್ತಾರೆ. ಆಗಿರುವುದು ನಿಜ. ಏನಾಗಿದೆ ಎಂದು ತಿಳಿದರೆ ಎದೆ ಧಸಕ್ಕೆನ್ನುತ್ತದೆ.

ಸುವಾರ್ತಪ್ಪನಿಗೆ ಈಗ ಐವತ್ತನಾಲ್ಕು. ಹುಟ್ಟಿದ್ದು ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದ ಹತ್ತಿರ. ಅಪ್ಪ ಬಾವಿ ತೋಡುವವರು. ಬಂಡೆಗೆ ಕಿವಿಯಿಟ್ಟು ಒಳಗೆ ಜಲ ಇದೆಯೋ ಇಲ್ಲವೋ ಹೇಳುತ್ತಿದ್ದರಂತೆ. ಮಗನಿಗೂ ಅದೇ ಕಿವಿ ಬಂತು. ಮದುವೆಯಾಗಿ ಗುಬ್ಬಿಗೆ ಬಂದು ನೆಲೆಸಿ, ನೀರು ಸರಬರಾಜು ಕಚೇರಿಯಲ್ಲಿ ಗುತ್ತಿಗೆಯ ಮೇಲೆ ನೀರುಗಂಟಿಯಾಗಿ ಸೇರಿ ಇಪ್ಪತ್ತೆರಡು ವರ್ಷ. ಒಂಬತ್ತು ವಾಲ್ವು, ಇನ್ನೂರ ಹದಿನಾಲ್ಕು ಮನೆ, ದಿನ ಬಿಟ್ಟು ದಿನ ಮುಕ್ಕಾಲು ಗಂಟೆ ನೀರು. ಕೆಲಸಕ್ಕೆ ರಜೆಯೆಂಬುದಿಲ್ಲ. ಭಾನುವಾರ ಬೆಳಿಗ್ಗೆ ನೀರು ಬಿಟ್ಟು, ಕೈಕಾಲು ತೊಳೆದು, ಒಗೆದ ಅಂಗಿ ತೊಟ್ಟು, ಹೆಂಡತಿ ಪ್ರಮೀಳಾ ಜೊತೆ ಹೆಂಚಿನ ಮಾಡಿನ ಸಣ್ಣ ಚರ್ಚಿಗೆ ಓಡಬೇಕು. ಅಲ್ಲಿ ಅವರು ಸಭೆಯ ಹಿರಿಯರಲ್ಲೊಬ್ಬರು.

ಅವರ ಹತ್ತಿರ ಒಂದು ಕಬ್ಬಿಣದ ಸರಳು ಇದೆ. ಅದರ ಒಂದು ತುದಿಯನ್ನು ಪೈಪಿನ ಮೇಲೂರಿ ಇನ್ನೊಂದು ತುದಿಗೆ ಕಿವಿಯಿಟ್ಟರೆ ನೆಲದೊಳಗಿನ ನೀರು ಅವರೊಂದಿಗೆ ಮಾತಾಡುತ್ತದೆ. ತೂತು ಬಿದ್ದ ಕಡೆ ಸುಯ್ಯೆನ್ನುತ್ತದೆ, ಕದ್ದು ಮೋಟಾರ್ ಹಾಕಿ ಎಳೆಯುವ ಕಡೆ ಗುಂಯ್‌ಗುಡುತ್ತದೆ. ಯಂತ್ರ ತಂದ ಎಂಜಿನಿಯರುಗಳೂ ಕೊನೆಗೆ ಸುವಾರ್ತಪ್ಪನನ್ನೇ ಕರೆಸುತ್ತಿದ್ದರು. ಕಳ್ಳತನ ಪತ್ತೆಯಾದ ಮನೆಯ ಗೇಟಿನ ಕಂಬಕ್ಕೆ ಅವರು ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ಅದು ಕಚೇರಿಯ ನಿಯಮವಲ್ಲ, ಅವರದೇ ಪದ್ಧತಿ. ಗೆರೆ ಬಿದ್ದ ಮನೆ ನೀರುಗಳ್ಳರ ಮನೆಯೆಂದು ಬೀದಿಗೆಲ್ಲ ಗೊತ್ತಾಗುತ್ತಿತ್ತು. ಮನೆಯವರನ್ನು ವಿಚಾರಿಸುವ ಗೋಜಿಗೆ ಅವರು ಒಂದು ಸಲವೂ ಹೋದವರಲ್ಲ.

"ಪೈಪು ಸುಳ್ ಹೇಳಲ್ಲ, ಜನ ಹೇಳ್ತಾರೆ ಅಂತಿದ್ದೆ. ಕೇಳಿದ್ರೆ ಕತೆ ಕಟ್ತಾರೆ, ಯಾಕ್ ಕೇಳ್ಬೇಕು ಅಂತ ಸಾರ್" ಎನ್ನುತ್ತಾರೆ ಅವರು.

ಹಾಗೆ ಎಳೆದ ಗೆರೆಗಳು ಮೂವತ್ತೊಂದು. ಕೊನೆಯದು ಕಳೆದ ಮಾರ್ಚಿನಲ್ಲಿ ಹನುಮಕ್ಕನ ಮನೆಗೆ ಬಿತ್ತು.

ಹನುಮಕ್ಕ ಬಸ್ ನಿಲ್ದಾಣದಲ್ಲಿ ಹೂ ಮಾರುವವರು. ಮಗಳು ಅನುಪಮಾ ತುಮಕೂರಿನ ಗಾರ್ಮೆಂಟ್ಸಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಮಣ್ಣಿನ ಗೋಡೆಯ ಎರಡಂಕಣದ ಮನೆ. ಒಂದು ದಿನ ಸುವಾರ್ತಪ್ಪ ಆ ಮನೆಯ ಪೈಪಿಗೆ ಸರಳೂರಿದಾಗ ನೀರು ದಡದಡನೆ ಹರಿಯುತ್ತಿತ್ತು. ಒಂದು ನಲ್ಲಿ ಎಳೆಯುವ ನೀರಲ್ಲ ಅದು, ನಾಲ್ಕು ಮನೆಯ ನೀರು. ಒಳಗೆ ಎಲ್ಲೋ ಸಂಪು ಮುಚ್ಚಿಟ್ಟಿದ್ದಾರೆ ಎಂದು ಅವರು ಅಲ್ಲೇ ತೀರ್ಮಾನಿಸಿದರು. ಅದಕ್ಕೆ ಸಾಕ್ಷಿಯೂ ಸಿಕ್ಕಿತು. ಬೀದಿಯ ಅರ್ಧ ಜನ ಕೊಡ ಹಿಡಿದು ಪರದಾಡುವ ಬಿರುಬೇಸಿಗೆಯಲ್ಲೂ ಹನುಮಕ್ಕನ ಬುಟ್ಟಿಯ ಹೂವು ಹಸಿಹಸಿಯಾಗಿ ನಳನಳಿಸುತ್ತಿತ್ತಲ್ಲ! ಆ ಸಂಜೆಯೇ ಗೇಟಿನ ಕಂಬಕ್ಕೆ ಕೆಂಪು ಗೆರೆ ಬಿತ್ತು.

ಮರುದಿನ ಹನುಮಕ್ಕ ವಾಲ್ವಿನ ಹತ್ತಿರವೇ ಬಂದು, ತಮ್ಮ ಮನೆಯ ನಲ್ಲಿಗೆ ನೀರೇ ಬರುತ್ತಿಲ್ಲ ಎಂದರು. ಸುವಾರ್ತಪ್ಪ ನಕ್ಕುಬಿಟ್ಟರು. ವಾರದ ನಂತರ ಹನುಮಕ್ಕ ಟ್ಯಾಂಕಿನ ಬಳಿ ಕಾದು ನಿಂತು ಅದೇ ಮಾತು ಹೇಳಿದರು. ಸುವಾರ್ತಪ್ಪ ತಿರುಗಿಯೂ ನೋಡಲಿಲ್ಲ. ಮೂರನೆಯ ಸಲ ಸಿಕ್ಕಿದ್ದು ರೇಷನ್ ಅಂಗಡಿಯ ಸಾಲಿನಲ್ಲಿ, ಇಪ್ಪತ್ತು ಮೂವತ್ತು ಜನರ ನಡುವೆ.

"ಅಪ್ಪಾ, ಅಡಿಗೆಮನೆ ನೆಲ ಕಾಲಿಗೆ ತಣ್ಣಗ್ ಹತ್ತುತ್ತೆ ಕಣಪ್ಪಾ. ಒಂದ್ ಗಳಿಗೆ ಬಂದು ನೋಡ್ಬುಡು" ಎಂದು ಹನುಮಕ್ಕ ಕೈಮುಗಿದರು.

"ಕದ್ದಿರೋ ನೀರು ತಣ್ಣಗೇ ಇರುತ್ತೆ ಬುಡಕ್ಕಾ" ಎಂದರು ಸುವಾರ್ತಪ್ಪ.

ಸಾಲಿನವರೆಲ್ಲ ಗೊಳ್ಳೆಂದು ನಕ್ಕರು. ಹನುಮಕ್ಕ ಚೀಲವನ್ನು ಮಡಚಿ ಕಂಕುಳಿಗಿಟ್ಟುಕೊಂಡು, ಅಕ್ಕಿ ತೆಗೆದುಕೊಳ್ಳದೆ ಮನೆಗೆ ಹೋದರು.

ಹನ್ನೆರಡು ದಿನ ಕಳೆಯಿತು. ಏಪ್ರಿಲ್‌ನ ಒಂದು ಬೆಳಿಗ್ಗೆ ಸುವಾರ್ತಪ್ಪ ವಾಲ್ವ್ ತಿರುಗಿಸಿ, ಎಂದಿನಂತೆ ಸರಳಿಗೆ ಕಿವಿಯಿಟ್ಟಿದ್ದಾರೆ. ನೀರು ಹರಿಯುವ ಸದ್ದಿನ ನಡುವೆ ಧಡ್ ಎಂದು ಏನೋ ಬಿದ್ದಂತಾಯಿತು. ಅದರ ಹಿಂದೆಯೇ ಹೆಂಗಸಿನ ಕಿರುಚಾಟ ಬೀದಿಗೆಲ್ಲ ಕೇಳಿಸಿತು. ಕೀಲಿಯನ್ನು ಅಲ್ಲೇ ಬಿಟ್ಟು ಓಡಿದರು. ಹನುಮಕ್ಕನ ಅಡಿಗೆಮನೆಯ ಹಿಂದಿನ ಗೋಡೆ ಇಡಿಯಾಗಿ ಕುಸಿದಿತ್ತು. ಆ ಗೋಡೆಗೆ ಒರಗಿ ಕೂತು ಹೂ ಕಟ್ಟುವುದು ಆಕೆಯ ಅಭ್ಯಾಸ. ಬಲಗೈ ಮೊಣಕೈಯವರೆಗೆ ಮಣ್ಣು ಕಲ್ಲುಗಳ ಅಡಿಯಲ್ಲಿತ್ತು.

ಸುವಾರ್ತಪ್ಪ ಬರಿಗೈಯಲ್ಲಿ ಮಣ್ಣು ಬಾಚಿದರು. ಮೇಲಿನ ಮಣ್ಣು ಒಣಗಿತ್ತು, ಕೆಳಗೆ ಹೋದಂತೆ ಕೆಸರು. ಇನ್ನೂ ಕೆಳಗೆ, ತಳಪಾಯದ ಕಲ್ಲುಗಳ ಸಂದಿಯಲ್ಲಿ, ಒಡೆದ ಪೈಪಿನಿಂದ ನೀರು ಬುಗ್ಗೆಯಂತೆ ಉಕ್ಕುತ್ತಿತ್ತು. ಸಂಪೂ ಇರಲಿಲ್ಲ, ಕಳ್ಳತನವೂ ಇರಲಿಲ್ಲ. ಅವರು ಸರಳಿನಲ್ಲಿ ಆಲಿಸಿದ ಅಷ್ಟೂ ನೀರು ತಿಂಗಳುಗಟ್ಟಲೆ ಆ ಗೋಡೆಯ ಬುಡಕ್ಕೇ ಸುರಿದಿತ್ತು.

"ಕೈಗೆ ಆ ಕೆಸರು ತಣ್ಣಗ್ ಹತ್ತಿತು ಸಾರ್. ಹನುಮಕ್ಕ ರೇಷನ್ ಅಂಗ್ಡೀಲಿ ಹೇಳಿದ್ದು ಅದೇ ಅಲ್ವಾ. ಅವ್ರ ಕೈ ಬಿಡಿಸಿದ್ಮೇಲೆ ನಾನು ಅಲ್ಲೇ ಕೂತ್ಬುಟ್ಟೆ. ಪಕ್ಕದ ಮನೆಯೋರು ಎಳೆದು ಎಬ್ಬಿಸೋವರ್ಗೂ ನಂಗೆ ಏನೂ ತಿಳೀಲಿಲ್ಲ."

ತುಮಕೂರಿನ ಆಸ್ಪತ್ರೆಯಲ್ಲಿ ವೈದ್ಯರು ಹನುಮಕ್ಕನ ಬಲಗೈಯ ಮೂರು ಬೆರಳುಗಳನ್ನು ತೆಗೆಯಬೇಕಾಯಿತು. ಮೂವತ್ತು ವರ್ಷ ಮೊಳಮೊಳ ಹೂ ಕಟ್ಟಿದ ಕೈ ಅದು. ನೋಡಲು ಹೋದ ಸುವಾರ್ತಪ್ಪನನ್ನು ಅನುಪಮಾ ವಾರ್ಡಿನ ಬಾಗಿಲಲ್ಲೇ ತಡೆದಳು. "ಗೆರೆ ಎಳೆಯೋಕ್ ಬಂದ್ರಾ? ಇಲ್ಲಿ ಗೇಟಿಲ್ಲ, ನಮ್ಮಮ್ಮನ ಹಣೆ ಮೇಲೆ ಎಳೀರಿ" ಎಂದಳು. ಅವರು ತಂದಿದ್ದ ಹಣ್ಣಿನ ಚೀಲವನ್ನು ಕಾರಿಡಾರಿನ ಬೆಂಚಿನ ಮೇಲಿಟ್ಟು, ಬಂದ ದಾರಿಯಲ್ಲೇ ಬಸ್ಸು ಹಿಡಿದರು.

ಇಲ್ಲಿ ಇನ್ನೊಂದು ಆಘಾತವಿದೆ. ಸುವಾರ್ತಪ್ಪನ ತಪ್ಪು ಯಾರಿಗೂ ತಪ್ಪೆಂದು ಕಾಣಲೇ ಇಲ್ಲ. ಹಳೇ ಮಣ್ಣಿನ ಗೋಡೆ, ಹಿಂದಿನ ವಾರದ ಮಳೆಗೆ ಕುಸಿದಿದೆ, ಪೈಪು ಒಡೆದದ್ದು ಅದರ ಏಟಿಗೆ ಎಂದು ಕಚೇರಿಯಲ್ಲಿ ವರದಿ ಬರೆದು ಮುಗಿಸಿದರು. ರೇಷನ್ ಸಾಲಿನಲ್ಲಿ ನಕ್ಕವರು ಪಾಪ ಎಂದರು, ಜೊತೆಗೆ ಕದ್ದರೆ ಹೀಗೇ ಆಗುವುದು ಎಂದೂ ಸೇರಿಸಿದರು. ಬೆರಳು ಹೋದ ಮೇಲೂ ಹನುಮಕ್ಕ ನೀರುಗಳ್ಳಿಯಾಗಿಯೇ ಉಳಿದರು. ಇದನ್ನು ಕೇಳಿದಾಗ ಮೈಯುರಿಯದವರು ಯಾರು?

ಮುಂದಿನ ಭಾನುವಾರ ಚರ್ಚಿನಲ್ಲಿ ಕರ್ತನ ಭೋಜನದ ಸಂಸ್ಕಾರವಿತ್ತು. ಎಲ್ಲರೂ ರೊಟ್ಟಿ, ದ್ರಾಕ್ಷಾರಸಕ್ಕೆ ಎದ್ದು ಹೋದರೆ ಸಭೆಯ ಹಿರಿಯರಾದ ಸುವಾರ್ತಪ್ಪ ಬೆಂಚಿನಿಂದ ಏಳಲಿಲ್ಲ. ಮನಸ್ಸಿನಲ್ಲಿ ತಪ್ಪಿಟ್ಟುಕೊಂಡು ಅದನ್ನು ಮುಟ್ಟಬಾರದೆಂದು ಮುಂದಿನ ತಿಂಗಳೂ ಏಳಲಿಲ್ಲ. ಕುಡಿತ ಕಲಿತಿರಬೇಕು ಎಂದು ಹಿಂದಿನ ಸಾಲಿನಲ್ಲಿ ಪಿಸುಗುಟ್ಟಿದರು. ಆ ಪಿಸುಮಾತು ಆರಾಧನೆ ನಡೆಸುವ ಸಭಾಪಾಲಕಿ ಪ್ರೇಮಲತಾ ಅವರ ಕಿವಿಗೂ ಬಿತ್ತು. ಅವರು ಬುದ್ಧಿ ಹೇಳಲು ಹೊರಡಲಿಲ್ಲ. ಆರಾಧನೆ ಮುಗಿದು ಎಲ್ಲರೂ ಹೋದ ಮೇಲೆ ಅದೇ ಬೆಂಚಿನಲ್ಲಿ ಬಂದು ಕೂತು, "ಏನಾಯ್ತು ಅಣ್ಣಾ?" ಎಂದರು. ಸುವಾರ್ತಪ್ಪ ಒಂದು ಗಂಟೆ ಮಾತಾಡಿದರು, ಅವರು ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ.

ಕೊನೆಗೆ ಪ್ರೇಮಲತಾ ಹೇಳಿದ್ದಿಷ್ಟು: "ಮೊದಲ ಮನುಷ್ಯ ತಪ್ಪು ಮಾಡಿ ತೋಟದಲ್ಲಿ ಅವಿತುಕೊಂಡಾಗ ದೇವರಿಗೆ ಎಲ್ಲಾ ಗೊತ್ತಿತ್ತಲ್ವಾ ಅಣ್ಣಾ? ಆದ್ರೂ ಮೊದ್ಲು ಶಿಕ್ಷೆ ಕೊಡ್ಲಿಲ್ಲ. ಎಲ್ಲಿದೀಯಪ್ಪಾ, ಏನ್ ಮಾಡ್ದೆ ಅಂತ ವಿಚಾರಿಸಿದ್ರು. ಎಲ್ಲಾ ಗೊತ್ತಿರೋರೇ ವಿಚಾರಿಸಿದ್ರು. ನಮಗೆ ಗೊತ್ತಿರೋದು ಎಷ್ಟು?"

ಮೂವತ್ತೊಂದು ಗೆರೆಗಳ ವಿಷಯವನ್ನು ಅವರು ಎತ್ತಲಿಲ್ಲ. ಆದರೆ ಮನೆಗೆ ನಡೆದು ಹೋಗುವಾಗ ಸುವಾರ್ತಪ್ಪನ ತಲೆಯಲ್ಲಿ ಆ ಲೆಕ್ಕವೇ ಸುತ್ತುತ್ತಿತ್ತು. ಹನುಮಕ್ಕನ ಮನೆಯಲ್ಲಿ ತಪ್ಪಿದ್ದರೆ, ಉಳಿದ ಮೂವತ್ತರ ಕತೆಯೇನು?

ಆವತ್ತಿನಿಂದ ಅವರು ಮನೆಮನೆಗೆ ಹೊರಟರು. ಕೈಯಲ್ಲಿ ಕೀಲಿಯಿಲ್ಲ, ಸರಳಿಲ್ಲ. ಬೀದಿ ಬಿಟ್ಟು ಕೋರ ಎಂಬ ಊರಿಗೆ ಹೋಗಿ ನೆಲೆಸಿದ್ದ ಒಂದು ಕುಟುಂಬವನ್ನೂ ಹುಡುಕಿಕೊಂಡು ಹೋದರು. ಎಲ್ಲ ಕಡೆಯೂ ಒಂದೇ ಪ್ರಶ್ನೆ: "ನಾನ್ ಗೆರೆ ಎಳೆದ್ನಲ್ಲಾ, ಆವತ್ತು ನಿಮ್ಮನೇಲಿ ಏನಾಗಿತ್ತು?" ಮೂರು ಮನೆಯವರು ಮುಖದ ಮೇಲೆ ಬಾಗಿಲು ಹಾಕಿದರು. ಹದಿನೇಳು ಮನೆಯವರು, ಹೌದು ಮೋಟಾರ್ ಹಾಕಿದ್ದೆವು, ಈಗೇನು ಎಂದು ನಗುತ್ತಲೇ ಒಪ್ಪಿದರು. ಉಳಿದ ಹತ್ತು ಮನೆಗಳಲ್ಲಿ ಕೇಳಿದ ಸಂಗತಿಗಳು ಅವರ ನಿದ್ದೆಯನ್ನೇ ಕಿತ್ತುಕೊಂಡವು.

ರಾಮಾಂಜಿನಯ್ಯನವರ ಮನೆಯದನ್ನೇ ನೋಡಿ. ದರ್ಜಿ ಕೆಲಸದ ಮುದುಕರು. ಒಂಬತ್ತು ವರ್ಷದ ಹಿಂದೆ ಅವರ ಪೈಪಿನಲ್ಲಿ ಸುವಾರ್ತಪ್ಪನಿಗೆ ಗುಂಯ್ ಎಂಬ ಮೋಟಾರಿನ ಸದ್ದು ಸಿಕ್ಕಿತ್ತು. ಅದು ನಿಜಕ್ಕೂ ಮೋಟಾರೇ, ಆದರೆ ನೀರಿನದಲ್ಲ. ಮಾರನೆಯ ದಿನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ರಾಮಾಂಜಿನಯ್ಯನ ಹೆಂಡತಿ ನಸುಕಿನಲ್ಲೇ ಎದ್ದು ಇಡ್ಲಿಗೆ ರುಬ್ಬಲು ಗ್ರೈಂಡರ್ ಹಾಕಿದ್ದರು. ಗ್ರೈಂಡರ್ ಇಟ್ಟಿದ್ದ ಕಲ್ಲಿನ ಚಪ್ಪಡಿ ನಲ್ಲಿಯ ಪೈಪಿಗೆ ತಾಗಿಕೊಂಡಿತ್ತು.

"ಬಂದೋರು ಗೇಟಿನ ಕೆಂಪು ಗೆರೆ ಏನು ಅಂತ ಎದುರುಮನೇಲಿ ವಿಚಾರಿಸಿದ್ರು. ಕಾಫೀನೂ ಕುಡೀದೆ ಎದ್ದೋದ್ರು" ಎಂದರು ರಾಮಾಂಜಿನಯ್ಯ, ಬಟ್ಟೆಯ ಮೇಲಿಂದ ಕಣ್ಣೆತ್ತದೆ. "ಮಗಳ್ ಮದ್ವೆ ಆಗೋಕೆ ಆಮೇಲೆ ಐದ್ ವರ್ಷ ಹಿಡೀತು. ಈಗ ಅಮೃತೂರಲ್ಲಿ ಚೆನ್ನಾಗವ್ಳೆ, ಬುಡಿ."

"ಒಂದ್ ಮಾತ್ ಬಂದು ಹೇಳ್ಬಾರ್ದಿತ್ತಾ ರಾಮಾಂಜಿನಣ್ಣಾ?"

"ಯಾರಿಗ್ ಹೇಳನ? ನಿಮಗೆ ಗೊತ್ತಾಗೋಗಿತ್ತಲ್ಲ."

ಸುವಾರ್ತಪ್ಪ ಆ ಗೇಟಿನ ಕಂಬದ ಮಾಸಿದ ಗೆರೆಯನ್ನು ತೆಂಗಿನ ನಾರು ಹಾಕಿ ಉಜ್ಜಿದರು. ಬಣ್ಣ ಪೂರ್ತಿ ಹೋಗಲಿಲ್ಲ. ಒಳಗಿನಿಂದ ರಾಮಾಂಜಿನಯ್ಯನ ಹೊಲಿಗೆ ಯಂತ್ರದ ಸದ್ದು ಬರುತ್ತಲೇ ಇತ್ತು.

ಎಲ್ಲಕ್ಕಿಂತ ಕೊನೆಗೆ ಹನುಮಕ್ಕನ ಮನೆ. ಬಿದ್ದ ಗೋಡೆಯ ಜಾಗಕ್ಕೆ ತಗಡು ಕಟ್ಟಿದ್ದರು. ಅನುಪಮಾ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಸುವಾರ್ತಪ್ಪ ಹೊಸ್ತಿಲ ಹೊರಗೇ ಕೂತರು. ಆಮೇಲೆ ಉಳಿದ ಮನೆಗಳಲ್ಲಿ ಕೇಳಿದ್ದನ್ನೇ ಕೇಳಿದರು. ಹನುಮಕ್ಕ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹೇಳುತ್ತಾ ಹೋದರು. ನಲ್ಲಿ ನಿಂತುಹೋದ ಮೇಲೆ ಅನುಪಮಾ ತುಮಕೂರಿನ ಗಾರ್ಮೆಂಟ್ಸಿನಿಂದ ಐದೈದು ಲೀಟರಿನ ಎರಡು ಕ್ಯಾನು ನೀರನ್ನು ದಿನಾ ಬಸ್ಸಿನಲ್ಲಿ ಹೊತ್ತು ತರುತ್ತಿದ್ದಳಂತೆ. ಕುಡಿಯಲು ಒಂದು ಕ್ಯಾನು. ಇನ್ನೊಂದರಲ್ಲಿ ಅನ್ನ ಬೇಯಬೇಕು, ಉಳಿದದ್ದು ಹೂವಿಗೆ. ಹೂ ಬಾಡಿದರೆ ವ್ಯಾಪಾರವಿಲ್ಲವಲ್ಲ. ಬುಟ್ಟಿಯ ಹೂವನ್ನು ಹಸಿಯಾಗಿಟ್ಟದ್ದು ಆ ನೀರು.

"ಎರಡ್ ಗಂಟೆ ಹೇಳಿದ್ರು ಸಾರ್. ಪೂರ್ತಿ ಕೇಳಿಸ್ಕೊಂಡೆ. ಆ ಹುಡುಗಿ ಕೈ ಬೀಳೋಹಂಗೆ ಕ್ಯಾನ್ ಹೊತ್ಕೊಂಡು ನನ್ ಮುಂದೇನೇ ಬಸ್ ಇಳೀತಿದ್ಲು. ದಿನಾ ನೋಡಿದೀನಿ. ಅದರಲ್ಲೇನಿದೆಯಮ್ಮಾ ಅಂತ ಒಂದ್ ದಿನ ಕೇಳ್ಲಿಲ್ಲ."

ಮರುದಿನ ಅವರು ಕಚೇರಿಗೆ ಬರೆದು ಕೊಟ್ಟರು. ಗೋಡೆ ಬಿದ್ದದ್ದು ಮಳೆಗಲ್ಲ, ಒಡೆದ ಪೈಪಿನಿಂದ. ಹನುಮಕ್ಕ ಮೂರು ಸಲ ದೂರು ಹೇಳಿದ್ದರು, ನಾನು ಹೋಗಿ ನೋಡಲಿಲ್ಲ, ಕಳ್ಳಿ ಎಂದೆ. ಇಷ್ಟನ್ನು ಬರೆದು ಸಹಿ ಹಾಕುವಾಗ ಪ್ರಮೀಳಾ ಪಕ್ಕದಲ್ಲೇ ಇದ್ದರು. ಇಪ್ಪತ್ತೆರಡು ವರ್ಷ ಕಾದ ಮೇಲೆ ಕಾಯಂ ಮಾಡುವವರ ಪಟ್ಟಿಯಲ್ಲಿ ಗಂಡನ ಹೆಸರು ಈಗಷ್ಟೇ ಬಂದಿದೆ. ಈ ಕಾಗದ ಹೋದರೆ ಕಾಯಂ ಇರಲಿ, ಇರುವ ಕೆಲಸವೂ ಉಳಿಯುವುದು ಕಷ್ಟ. "ನಂಗೂ ಭಯ ಇತ್ತು. ಆದ್ರೆ ಈಯಪ್ಪ ಚರ್ಚಲ್ಲಿ ಬೆಂಚ್ ಮೇಲೆ ಕೂತೇ ಸಾಯೋದನ್ನ ನೋಡೋಕಾಗಲ್ಲ" ಎನ್ನುತ್ತಾರೆ ಪ್ರಮೀಳಾ.

ವಿಚಾರಣೆ ಕಳೆದ ತಿಂಗಳು ತುಮಕೂರಿನಲ್ಲಿ ನಡೆಯಿತು. ಎಂಜಿನಿಯರ್ ಮಹಾಲಿಂಗಯ್ಯನವರ ಮೇಜಿನ ಒಂದು ಬದಿಗೆ ಸುವಾರ್ತಪ್ಪ, ಇನ್ನೊಂದು ಬದಿಗೆ ಹನುಮಕ್ಕ ಮತ್ತು ಅನುಪಮಾ. ಮಹಾಲಿಂಗಯ್ಯ ಕಾಗದವನ್ನು ಓದಿದರು. ತಲೆಯೆತ್ತದೆಯೇ ಗುಮಾಸ್ತನಿಗೆ ಹೇಳತೊಡಗಿದರು: "ತಪ್ಪೊಪ್ಪಿಕೊಂಡಿದ್ದಾನೆ. ಕರ್ತವ್ಯಲೋಪ. ಕೆಲಸದಿಂದ ತೆಗೆಯಲು ಶಿಫಾರಸು ಅಂತ ಬರ್ಕೊಳ್ಳಿ." ಅನುಪಮಾಳ ಮುಖದಲ್ಲಿ ಮೊದಲ ಬಾರಿಗೆ ಸಮಾಧಾನ ಕಂಡಿತು. ಸುವಾರ್ತಪ್ಪ ಕೈಕಟ್ಟಿ ನೆಲ ನೋಡುತ್ತಿದ್ದರು.

"ಸ್ವಾಮೀ, ಬರ್ಯೋಕ್ ಮುಂಚೆ ಅವ್ರನ್ನ ಒಂದ್ ಮಾತ್ ಕೇಳಿ."

ಹೇಳಿದವರು ಹನುಮಕ್ಕ. ಗುಮಾಸ್ತನ ಪೆನ್ನು ನಿಂತಿತು. ಕೋಣೆಯಲ್ಲಿದ್ದ ಎಲ್ಲರೂ ದಂಗಾಗಿ ಆಕೆಯನ್ನೇ ನೋಡಿದರು.

"ಅಮ್ಮಾ, ನಿಂಗೇನ್ ಹುಚ್ಚಾ?" ಅನುಪಮಾ ಎದ್ದೇ ನಿಂತಳು. "ಇವ್ರು ನಿನ್ನ ಕೇಳಿದ್ರಾ?"

"ಕೇಳ್ಲಿಲ್ಲ ಕಣೇ. ಯಾರೂ ಕೇಳ್ದೇ ಇದ್ರೆ ಹೆಂಗಿರುತ್ತೆ ಅಂತ ನಂಗ್ ಗೊತ್ತು, ಅದಕ್ಕೇ ಹೇಳ್ದೆ. ಕ್ಷಮಿಸ್ಬುಟ್ಟೆ ಅಂತಲ್ಲ. ನನ್ ಬೆರಳ್ ನೋಡ್ದಾಗ ಈಗ್ಲೂ ಹೊಟ್ಟೆ ಉರಿಯುತ್ತೆ. ಆದ್ರೂ ಒಂದ್ ಮಾತ್ ಕೇಳ್ಲಿ. ಏನ್ ಹೇಳ್ತಾರೋ ನಂಗೂ ತಿಳೀಬೇಕು."

ಮಹಾಲಿಂಗಯ್ಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸುವಾರ್ತಪ್ಪನತ್ತ ತಿರುಗಿ ಕೇಳಿದರು, "ಯಾಕ್ರೀ ಹೋಗಿ ನೋಡ್ಲಿಲ್ಲ?"

ಸುವಾರ್ತಪ್ಪ ತಲೆ ಎತ್ತಿದರು. ಮಳೆ, ಕೆಲಸದ ಒತ್ತಡ, ಒಬ್ಬನೇ ಒಂಬತ್ತು ವಾಲ್ವು ನೋಡಬೇಕು ಎಂದೆಲ್ಲ ಹೇಳಬಹುದಿತ್ತು, ಅದರಲ್ಲಿ ಸುಳ್ಳೂ ಇರಲಿಲ್ಲ. ಅವರು ಹೇಳಿದ್ದು ಬೇರೆ. "ಜಂಬ ಸಾರ್. ನನ್ ಕಿವಿ ತಪ್ಪಲ್ಲ ಅನ್ನೋ ಜಂಬ. ಹೂ ಮಾರೋ ಹೆಂಗಸು, ಅವ್ಳ ಮಾತೇನ್ ಕೇಳೋದು ಅನ್ನೋ ತಾತ್ಸಾರ. ಇನ್ನೇನೂ ಇಲ್ಲ." ಹೇಳುತ್ತಾ ಹೇಳುತ್ತಾ ಬಿಕ್ಕಿ ಅತ್ತರು. ಹನುಮಕ್ಕ ಅವರನ್ನು ಸಮಾಧಾನ ಮಾಡಲಿಲ್ಲ. ಮುಖವನ್ನೂ ತಿರುಗಿಸಲಿಲ್ಲ, ಕೊನೆಯ ಮಾತಿನವರೆಗೂ ಕೂತು ಕೇಳಿದರು.

ಆದೇಶ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಕೋಡಿಬೀದಿಗೆ ನೀರು ಬಿಡುವವರು ಸುವಾರ್ತಪ್ಪನೇ. ಕೆಲಸ ಉಳಿಯುತ್ತದೆಯೋ ಹೋಗುತ್ತದೆಯೋ, ಕಚೇರಿಯಲ್ಲಿ ಯಾರೂ ಬಾಯಿ ಬಿಡುತ್ತಿಲ್ಲ. ನಿಮಗೇನು ಆಸೆ ಎಂದು ಕೇಳಿದರೆ ಅವರು ಹೆಗಲ ಮೇಲಿನ ಕೀಲಿಯನ್ನು ಕೆಳಗಿಳಿಸಿ ಹೇಳುತ್ತಾರೆ.

"ಆರ್ಡರಲ್ಲಿ ನನ್ ಬಗ್ಗೆ ಏನ್ ಬೇಕಾದ್ರೂ ಬರೀಲಿ ಸಾರ್. ಹನುಮಕ್ಕ ಮೂರ್ ಸಲ ಬಂದು ಹೇಳಿದ್ರು, ಹೇಳಿದ್ದು ನಿಜ ಅಂತ ಒಂದ್ ಸಾಲು ಇರ್ಬೇಕು. ಅದನ್ನ ರೇಷನ್ ಅಂಗ್ಡಿ ಸಾಲಲ್ಲಿ ನಿಂತ್ಕೊಂಡು ನಾನೇ ಗಟ್ಟಿಯಾಗಿ ಓದ್ತೀನಿ."